ಹಂದಿ ಸಾಕಣೆ ತರಬೇತಿ: ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ, ಕಲಿಯಬೇಕಾದ್ದು ಏನು

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ನಮ್ಮಲ್ಲಿ ಹಂದಿ ಸಾಕಲು ತರಬೇತಿ ಸರ್ಟಿಫಿಕೇಟ್ ಇರಲೇಬೇಕು ಅಂತ ಕಾನೂನು ಇಲ್ಲ. ನಾಳೆ ಬೆಳಿಗ್ಗೆ ನಾಲ್ಕು ಮರಿ ತಂದು ಕಟ್ಟಿಕೊಂಡರೆ ಯಾರೂ ಬಂದು ಸರ್ಟಿಫಿಕೇಟ್ ತೋರಿಸು ಅನ್ನುವುದಿಲ್ಲ. ಸ್ಥಳೀಯ ಸಂಸ್ಥೆಯ ಪರವಾನಗಿಯೇ ಬೇರೆ, ತರಬೇತಿಯ ಸರ್ಟಿಫಿಕೇಟೇ ಬೇರೆ. ಎಷ್ಟೋ ಜನ ಎರಡನ್ನೂ ಕಲಸಿಕೊಂಡು, ಟ್ರೈನಿಂಗ್ ಮುಗಿಯಿತು, ಇನ್ನೇನು ಎಲ್ಲ ಪರ್ಮಿಷನ್ ಸಿಕ್ಕ ಹಾಗೆಯೇ ಅಂದುಕೊಳ್ಳುತ್ತಾರೆ. ಆಮೇಲೆ ಪಕ್ಕದ ಮನೆಯವರು ವಾಸನೆ ಅಂತ ಪಂಚಾಯಿತಿಗೆ ಅರ್ಜಿ ಕೊಟ್ಟಾಗ ಆ ಸರ್ಟಿಫಿಕೇಟ್ ಯಾವ ಕೆಲಸಕ್ಕೂ ಬರುವುದಿಲ್ಲ.

ಹಾಗಾದರೆ ಅದು ಬೇಕಾಗುವುದು ಯಾವಾಗ? ಸಾಲಕ್ಕೆ ಬ್ಯಾಂಕಿಗೆ ಹೋದಾಗ, ಸಬ್ಸಿಡಿಗೆ ಅರ್ಜಿ ಹಾಕಿದಾಗ, ದೊಡ್ಡ ಫಾರಂನಲ್ಲಿ ಕೆಲಸ ಕೇಳಿದಾಗ. ಈ ಮೂರರಲ್ಲಿ ನಿಮಗೆ ಯಾವುದಕ್ಕೆ ಬೇಕು ಅನ್ನೋದನ್ನ ಮೊದಲು ತೀರ್ಮಾನ ಮಾಡಿಕೊಳ್ಳಿ, ಯಾಕಂದರೆ ಎಲ್ಲಿಗೆ ಹೋಗಬೇಕು ಅನ್ನುವುದು ಅದರ ಮೇಲೆ ನಿಲ್ಲುತ್ತದೆ. ಸುಮ್ನೆ ಗೋಡೆಗೆ ನೇತುಹಾಕಲು ಅಂತ ಯಾರೂ ಹತ್ತು ದಿನ ಮನೆ ಬಿಟ್ಟು ಹೋಗಬೇಕಾಗಿಲ್ಲ.

ಎಲ್ಲಿ ಹೋಗಬೇಕು

ಹೊಸಬರಿಗೆ ನಾನು ಮೊದಲು ಹೇಳುವುದು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಈ ಸಂಸ್ಥೆಗಳನ್ನು ತೆರೆದವು. ಇವರ ತರಬೇತಿಗಳ ಪಟ್ಟಿಯಲ್ಲಿ ಹಂದಿ ಸಾಕಣೆಯೂ ಇದೆ, ಹತ್ತು ದಿನದ ಕೋರ್ಸು. ಫೀಸು ಇಲ್ಲ, ಊಟ ವಸತಿ ಅಲ್ಲೇ. ಸಾಮಾನ್ಯವಾಗಿ 18ರಿಂದ 45 ವರ್ಷದವರಿಗೆ ಅವಕಾಶ. ಕೊನೆಗೆ ಸಣ್ಣ ಪರೀಕ್ಷೆ, ಸರ್ಟಿಫಿಕೇಟ್. ಇದನ್ನು ನಡೆಸುವುದೇ ಬ್ಯಾಂಕುಗಳಾದ್ದರಿಂದ ಸಾಲದ ಅರ್ಜಿಯ ಜೊತೆ ಇಟ್ಟಾಗ ಮ್ಯಾನೇಜರ್ ಕಣ್ಣಿಗೆ ಅದು ಪರಿಚಿತ ಕಾಗದ. ಟ್ರೈನಿಂಗ್ ಮುಗಿದ ಮೇಲೂ ಎರಡು ವರ್ಷ ನಿಮ್ಮ ಹಿಂದೆ ಬಿದ್ದು ಏನಾಯಿತು, ಶುರು ಮಾಡಿದಿರಾ ಅಂತ ವಿಚಾರಿಸುವುದು ಅವರ ಕೆಲಸದ ಭಾಗವೇ.

ಒಂದೇ ತೊಂದರೆ. ಹೈನುಗಾರಿಕೆ, ಕುರಿ, ಕೋಳಿಗೆ ಬ್ಯಾಚ್ ಮೇಲೆ ಬ್ಯಾಚ್ ನಡೆಯುತ್ತದೆ, ಹಂದಿಗೆ ಜನ ಸೇರುವುದು ಕಷ್ಟ. ನೀವೊಬ್ಬರೇ ಹೋಗಿ ಹೆಸರು ಬರೆಸಿ ಬಂದರೆ ಆ ಹೆಸರು ರಿಜಿಸ್ಟರ್‌ನಲ್ಲೇ ಕೂತಿರುತ್ತದೆ. ಅದರ ಬದಲು ನಿಮ್ಮ ತಾಲ್ಲೂಕಿನಲ್ಲಿ ಆಸಕ್ತಿ ಇರುವವರನ್ನು, ಸ್ವಸಹಾಯ ಸಂಘದವರನ್ನು ಒಟ್ಟುಮಾಡಿ, ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಸಮೇತ ಒಂದು ಪಟ್ಟಿ ತೆಗೆದುಕೊಂಡು ಹೋಗಿ. ಇಪ್ಪತ್ತೈದು ಮೂವತ್ತು ಹೆಸರಿರುವ ಪಟ್ಟಿ ಮೇಜಿನ ಮೇಲೆ ಬಿದ್ದರೆ ದಿನಾಂಕ ತಾನಾಗಿಯೇ ಸಿಗುತ್ತದೆ.

ಎರಡನೆಯದು ಕೃಷಿ ವಿಜ್ಞಾನ ಕೇಂದ್ರ. ಎಲ್ಲ ಕೆವಿಕೆಗಳಲ್ಲೂ ಹಂದಿ ವಿಷಯ ಇರುವುದಿಲ್ಲ. ಕೊಡಗಿನವರು ಗೋಣಿಕೊಪ್ಪಲಿನ ಕೆವಿಕೆಯಲ್ಲಿ ವಿಚಾರಿಸಿ. ಹಂದಿ ಮಾಂಸಕ್ಕೆ ಬೇಡಿಕೆ ಇರುವ ಜಿಲ್ಲೆ, ಕೇಳುವವರೂ ಇರುತ್ತಾರೆ. ಇಲ್ಲಿ ಒಂದು ದಿನದ ಕಾರ್ಯಕ್ರಮಗಳೂ ಇರುತ್ತವೆ, ಗ್ರಾಮೀಣ ಯುವಕರಿಗೆ ಅಂತ ಏಳು ದಿನದವೂ ಇರುತ್ತವೆ. ಒಂದು ದಿನದ್ದಕ್ಕೆ ಹಾಜರಾತಿ ಪತ್ರ ಕೊಟ್ಟರೂ ಬ್ಯಾಂಕಿನವರು ಅದನ್ನು ತರಬೇತಿ ಅಂತ ಒಪ್ಪುತ್ತಾರೆ ಅಂದುಕೊಳ್ಳಬೇಡಿ.

ಪಶುವೈದ್ಯಕೀಯ ಕಾಲೇಜುಗಳು ಮೂರನೆಯ ದಾರಿ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜುಗಳಲ್ಲಿ ಬೆಂಗಳೂರಿನ ಹೆಬ್ಬಾಳದ್ದೇ ಹಳೆಯದು. ಗಡಿ ಜಿಲ್ಲೆಯವರಿಗೆ ಕೇರಳದ ಮಣ್ಣುತ್ತಿ, ಚೆನ್ನೈ ಹತ್ತಿರದ ಕಾಟ್ಟುಪಾಕ್ಕಂ ಕೂಡ ದೂರವಲ್ಲ. ಎರಡೂ ಕಡೆ ಹಂದಿಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಭಾಷೆಯದೊಂದು ತೊಡಕು ಇರುತ್ತದೆ, ಆದರೆ ಹಂದಿ ಹಿಡಿಯುವುದನ್ನು ಕಣ್ಣಲ್ಲಿ ನೋಡಿ ಕಲಿಯುವುದಕ್ಕೆ ಭಾಷೆ ಅಷ್ಟೇನೂ ಅಡ್ಡ ಬರುವುದಿಲ್ಲ.

ಇನ್ನು ಇಡೀ ದೇಶಕ್ಕೆ ಹಂದಿಗಂತಲೇ ಇರುವುದು ಗುವಾಹಟಿ ಹತ್ತಿರ ರಾಣಿ ಅನ್ನುವ ಊರಿನ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ. ಹ್ಯಾಂಪ್‌ಶೈರ್ ಮತ್ತು ಬಂಗಾಳದ ಘುಂಗ್ರೂ ತಳಿ ಸೇರಿಸಿ ಮಾಡಿದ ಮಿಶ್ರತಳಿಗೆ ಇವರು ತಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಗೆ ಹೋಗಿ ಬರುವ ಖರ್ಚು ಜಾಸ್ತಿ. ಐದು ಹತ್ತು ಹಂದಿ ಸಾಕುವವರಿಗೆ ಬೇಕಿಲ್ಲ. ತಳಿ ಅಭಿವೃದ್ಧಿ, ಹಂದಿಗಳಲ್ಲಿ ಕೃತಕ ಗರ್ಭಧಾರಣೆ ಅಂತ ಆಳಕ್ಕೆ ಇಳಿಯುವವರು ಮಾತ್ರ ಯೋಚಿಸಿ.

ತಲೆಮಾರಿನಿಂದ ಸಾಕಿದವರಿಗೆ

ಅಪ್ಪ ಅಜ್ಜನ ಕಾಲದಿಂದ ಹಂದಿ ಸಾಕಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಂದಿ ಮೇವು ಬಿಟ್ಟ ಕ್ಷಣಕ್ಕೇ ಅದಕ್ಕೇನೋ ಆಗಿದೆ ಅಂತ ಹೇಳಬಲ್ಲವರು. ಆದರೆ ಕಾಗದದ ಮೇಲೆ ಅವರ ಅನುಭವ ಸೊನ್ನೆ. ಬ್ಯಾಂಕಿಗೆ ಹೋದರೆ, ಮೊನ್ನೆ ಮೊನ್ನೆ ಕೋರ್ಸು ಮುಗಿಸಿದ ಹುಡುಗನಿಗೆ ಕುರ್ಚಿ, ಇವರಿಗೆ ಬಾಗಿಲು. ಅನ್ಯಾಯವೇ ಸರಿ.

ಇಂಥವರು ಆರ್‌ಪಿಎಲ್ ಬಗ್ಗೆ ವಿಚಾರಿಸಬೇಕು. ಈಗಾಗಲೇ ಇರುವ ಕೌಶಲವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಪದ್ಧತಿ ಅದು, ಕೇಂದ್ರದ ಕೌಶಲ ಯೋಜನೆಗಳ ಒಳಗೆ ಬರುತ್ತದೆ. ಕೃಷಿ, ಪಶುಪಾಲನೆ ಕೆಲಸಗಳಿಗೆ ಭಾರತೀಯ ಕೃಷಿ ಕೌಶಲ ಮಂಡಳಿ ಇದೆ. ಯಾವ ಕೆಲಸಕ್ಕೆ ಏನೇನು ಗೊತ್ತಿರಬೇಕು ಅಂತ ಅವರು ಬರೆದಿಟ್ಟಿರುತ್ತಾರೆ, ಅದರ ಪ್ರಕಾರ ಪರೀಕ್ಷೆ. ಪೂರ್ತಿ ಕೋರ್ಸು ಕೂರಬೇಕಿಲ್ಲ. ಪರಿಚಯದ ಪಾಠ, ಆಮೇಲೆ ಬಾಯಲ್ಲಿ ಪ್ರಶ್ನೆ, ಕೈಯಲ್ಲಿ ಕೆಲಸ, ಅಷ್ಟೇ. ಜಿಲ್ಲಾ ಕೌಶಲಾಭಿವೃದ್ಧಿ ಕಚೇರಿಯಲ್ಲಿ ಕೇಳಿ. ಇಲ್ಲೂ ಗುಂಪಾಗಿ ಹೋದರೇ ಕೆಲಸ ಬೇಗ ಆಗುವುದು.

ತರಬೇತಿಯಲ್ಲಿ ಕೈಯಾರೆ ಮಾಡಬೇಕಾದ್ದು

ಸೇರುವ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಅಲ್ಲಿ ಹಂದಿಗಳು ಇವೆಯಾ? ಇಲ್ಲ ಅಂದರೆ, ಫಾರಂ ಭೇಟಿ ಎಷ್ಟು ದಿನ? ಪವರ್‌ಪಾಯಿಂಟ್ ನೋಡಿ ಹಂದಿ ಸಾಕಲು ಆಗುವುದಿಲ್ಲ. ತಳಿಗಳಲ್ಲಿ ಯಾರ್ಕ್‌ಶೈರ್ ಯಾವುದು, ಲ್ಯಾಂಡ್ರೇಸ್ ಯಾವುದು ಅನ್ನುವುದನ್ನು ಮೊಬೈಲ್‌ನಲ್ಲೂ ನೋಡಿ ತಿಳಿಯಬಹುದು. ಕಿವಿ ನೆಟ್ಟಗಿದ್ದರೆ ಯಾರ್ಕ್‌ಶೈರ್, ಮುಂದಕ್ಕೆ ಬಾಗಿ ಕಣ್ಣ ಮೇಲೆ ಜೋತಿದ್ದರೆ ಲ್ಯಾಂಡ್ರೇಸ್. ಮುಗಿಯಿತು. ಆದರೆ ಈಯುವ ವಾರದ ಕೆಲಸ ಮೊಬೈಲ್‌ನಲ್ಲಿ ಬರುವುದಿಲ್ಲ.

ಹಂದಿ ಗಬ್ಬದ ಅವಧಿ ಸುಮಾರು 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನೆನಪಿಟ್ಟುಕೊಳ್ಳಿ. ದಿನ ಹತ್ತಿರ ಬಂದಾಗ ಕೆಚ್ಚಲು ಒತ್ತಿ ನೋಡಿ, ಮೊಲೆಯಿಂದ ಹಾಲು ಬಂದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಈಯುತ್ತದೆ. ಆಗ ರಾತ್ರಿ ಅಲ್ಲೇ ಇರಬೇಕು. ಮರಿಗಳು ಮೊದಲ ದಿನಗಳಲ್ಲಿ ಸಾಯುವುದಕ್ಕೆ ದೊಡ್ಡ ಕಾರಣ ರೋಗವಲ್ಲ, ತಾಯಿ ಮಲಗುವಾಗ ಅಡಿಗೆ ಸಿಕ್ಕಿ ಜಜ್ಜಿ ಹೋಗುವುದು. ಅದಕ್ಕೇ ಗೋಡೆಯಿಂದ ಒಂದು ಗೇಣು ದೂರಕ್ಕೆ, ನೆಲದಿಂದ ಒಂದು ಗೇಣು ಮೇಲಕ್ಕೆ ಸುತ್ತ ಪೈಪು ಹಾಕುತ್ತಾರೆ, ತಾಯಿ ಗೋಡೆಗೆ ಒರಗಿ ಕುಸಿದರೂ ಮರಿ ನುಸುಳಿಕೊಳ್ಳಲು ಸಂದಿ ಇರಲಿ ಅಂತ. ಮೂಲೆಯಲ್ಲಿ ಒಂದು ಬಲ್ಬ್ ಹಾಕಿ ಬೆಚ್ಚಗಿಟ್ಟರೆ ಮರಿಗಳು ಹಾಲು ಕುಡಿದು ಅಲ್ಲಿಗೇ ಹೋಗಿ ಮಲಗುತ್ತವೆ, ತಾಯಿಯ ಹೊಟ್ಟೆ ಹತ್ತಿರ ಕಾಯುವುದಿಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ರಾಶಿಯಾಗಿದ್ದರೆ ಚಳಿ, ಬಲ್ಬಿನಿಂದ ದೂರ ಚೆಲ್ಲಾಪಿಲ್ಲಿ ಮಲಗಿದ್ದರೆ ಸೆಕೆ. ಥರ್ಮಾಮೀಟರ್ ಬೇಕೇ ಬೇಕು ಅಂತೇನಿಲ್ಲ.

ಮೂರನೇ ದಿನ ಕಬ್ಬಿಣಾಂಶದ ಇಂಜೆಕ್ಷನ್. ಯಾಕೆ ಅಂತ ತಿಳಿದಿದ್ದರೆ ಮರೆಯುವುದಿಲ್ಲ: ತಾಯಿ ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಹಿಂದೆ ಹಂದಿ ಮಣ್ಣು ಕೆದಕಿಕೊಂಡು ಬೆಳೆಯುತ್ತಿತ್ತು, ಮರಿಗೆ ಬೇಕಾದ್ದು ಮಣ್ಣಿನಿಂದಲೇ ಸಿಗುತ್ತಿತ್ತು. ಈಗ ಸಿಮೆಂಟ್ ನೆಲದ ಮೇಲೆ ಹುಟ್ಟಿದ ಮರಿಗೆ ಎಲ್ಲಿಂದ ಬರಬೇಕು? ಹಾಕದಿದ್ದರೆ ಎರಡು ಮೂರು ವಾರಕ್ಕೆ ಬಿಳಚಿಕೊಂಡು, ಬೇಧಿ ಹತ್ತಿ, ಬೆಳವಣಿಗೆ ನಿಲ್ಲುತ್ತದೆ. ಕಿವಿಯ ಹಿಂದೆ ಕತ್ತಿನ ಸ್ನಾಯುವಿಗೆ ಹಾಕುವುದು ಒಳ್ಳೆಯದು. ಸೂಜಿ ಚುಚ್ಚುವ ಮೊದಲು ಚರ್ಮವನ್ನು ಹೆಬ್ಬೆರಳಿನಿಂದ ಸ್ವಲ್ಪ ಪಕ್ಕಕ್ಕೆ ಎಳೆದು ಹಿಡಿಯಬೇಕು, ಸೂಜಿ ತೆಗೆದು ಬೆರಳು ಬಿಟ್ಟರೆ ಚರ್ಮ ಜಾರಿ ತೂತು ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಕಂದು ಬಣ್ಣದ ಔಷಧಿ ಹೊರಗೆ ಸೋರಿ ಕತ್ತಿನ ಮೇಲೆ ಇಳಿಯುತ್ತದೆ, ದುಡ್ಡೂ ದಂಡ. ಇದನ್ನು ತರಬೇತಿಯಲ್ಲಿ ಬೇರೆಯವರು ಮಾಡುವುದನ್ನು ನೋಡಿ ಬರಬೇಡಿ. ಸಿರಿಂಜ್ ಕೇಳಿ ಇಸಿದುಕೊಳ್ಳಿ. ಸೂಜಿಯಂಥ ಎಂಟು ಹಲ್ಲು ಕತ್ತರಿಸುವುದು, ಹೊಕ್ಕುಳಿಗೆ ಅಯೋಡಿನ್ ಹಾಕುವುದು, ಗಂಡು ಮರಿಗೆ ಬೀಜ ಹೊಡೆಯುವುದನ್ನು ಡಾಕ್ಟರ ಕೈಯಲ್ಲಿ ನೋಡುವುದು, ಇವೂ ಆಗಬೇಕು.

ಬೆದೆ ಗುರುತಿಸುವುದು ಇನ್ನೊಂದು. 21 ದಿನಕ್ಕೊಮ್ಮೆ ಬರುತ್ತದೆ, ಎರಡು ಮೂರು ದಿನ ಇರುತ್ತದೆ. ಬೆನ್ನ ಮೇಲೆ ಎರಡೂ ಕೈ ಊರಿ ಭಾರ ಬಿಟ್ಟಾಗ ಹಂದಿ ಓಡದೆ ಕಂಬದ ಹಾಗೆ ನಿಂತು ಕಿವಿ ನಿಮಿರಿಸಿದರೆ ಗಂಡಿನ ಹತ್ತಿರ ಬಿಡುವ ಹೊತ್ತು ಅದು. ತಪ್ಪಿದರೆ ಮೂರು ವಾರದ ಮೇವು ದಂಡ.

ಹಂದಿ ಹೊಡೆದುಕೊಂಡು ಹೋಗುವುದು

ಫಾರಂ ಕೆಲಸಕ್ಕೆ, ಲಾರಿ ಕೆಲಸಕ್ಕೆ ಹೋಗುವವರು ಈ ಭಾಗ ಚೆನ್ನಾಗಿ ಕಲಿಯಿರಿ. ಹಂದಿಯನ್ನು ಕೋಲಿನಿಂದ ಬಡಿದರೆ, ಬಾಲ ಕಿವಿ ಹಿಡಿದು ಎಳೆದರೆ ಅದು ಮುಂದೆ ಹೋಗುವುದಿಲ್ಲ, ತಿರುಗಿ ನಿಮ್ಮ ಕಾಲ ಸಂದಿಯಲ್ಲೇ ನುಗ್ಗುತ್ತದೆ. ಬಲವಾಗಿ ನುಗ್ಗಿದರೆ ಮಂಡಿ ಹೋಯಿತು. ಒಂದು ಪ್ಲೈವುಡ್ ಹಲಗೆ, ಮೇಲೆ ಕೈ ತೂರಿಸಲು ತೂತು, ಇಷ್ಟು ಸಾಕು. ಹಲಗೆಯನ್ನು ಮಂಡಿಗೆ ಒತ್ತಿ ಹಿಡಿದು ಹಿಂದೆ ನಡೆದರೆ ಹಂದಿಗೆ ಅದು ಗೋಡೆಯ ಹಾಗೆ ಕಾಣುತ್ತದೆ, ತೆರೆದ ಕಡೆಗೆ ತಾನೇ ಹೋಗುತ್ತದೆ. ಬೆಳಕಿನಿಂದ ಕತ್ತಲೆಗೆ ಹೋಗಲು ಹಂದಿ ಹಿಂಜರಿಯುತ್ತದೆ. ಲಾರಿಯ ಒಳಗೆ ಒಂದು ದೀಪ ಹಾಕಿಬಿಟ್ಟರೆ ಅರ್ಧ ಕೂಗಾಟ ಕಡಿಮೆ. ಹಂದಿ ನಮ್ಮ ಹಾಗೆ ಬೆವರುವುದಿಲ್ಲ, ಆದ್ದರಿಂದ ಸಾಗಾಟ ಬೆಳಗಿನ ಜಾವ ಇಲ್ಲವೇ ರಾತ್ರಿ. ಬೆದರಿ ಏದುಸಿರು ಬಿಟ್ಟ ಹಂದಿಯ ಮಾಂಸ ಬಿಳಚಿ ನೀರು ಬಿಡುತ್ತದೆ ಅನ್ನುವುದು ಮಾಂಸದ ಅಂಗಡಿಯವರಿಗೂ ಗೊತ್ತು, ರೇಟು ಇಳಿಸುವುದೂ ಅವರೇ.

ಸಾಗಾಟದ ನಿಯಮಗಳನ್ನು ತರಬೇತಿಯಲ್ಲಿ ಹಾರಿಸಿಬಿಡುತ್ತಾರೆ, ನೀವೇ ಕೇಳಿ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಸಾಗಿಸುವಂತಿಲ್ಲ. ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಂದು ಹಂದಿಗೆ 0.6 ಚದರ ಮೀಟರ್ ಜಾಗ ಇರಬೇಕು, ವಾಹನದಲ್ಲಿ ಕಾಯಂ ಅಡ್ಡಗೋಡೆಗಳಿರಬೇಕು. ಗೂಡ್ಸ್ ಆಟೋದಲ್ಲಿ ಕಾಲು ಕಟ್ಟಿ ಒಂದರ ಮೇಲೊಂದು ಪೇರಿಸಿಕೊಂಡು ಹೋಗುವವರು ಸಿಕ್ಕಿಬಿದ್ದರೆ ಗಾಡಿ ಸಮೇತ ಸ್ಟೇಷನ್ನೇ.

ಪಶುಪಾಲನೆಯ ಕೆಲಸವನ್ನೇ ಉದ್ಯೋಗ ಮಾಡಿಕೊಳ್ಳುವ ಹುಡುಗರಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಂಥ ಕಡೆ. ಹತ್ತು ದಿನದ ಸರ್ಟಿಫಿಕೇಟಿಗಿಂತ ಅದರ ತೂಕವೇ ಬೇರೆ. ಮೈತ್ರಿ ತರಬೇತಿ ಅಂತ ಯಾರಾದರೂ ಹೇಳಿದರೆ ಅದು ದನ ಎಮ್ಮೆಗಳ ಕೃತಕ ಗರ್ಭಧಾರಣೆಗೆ, ಹಂದಿಗಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಪಶುಸಖಿ ತರಬೇತಿ ಇದೆ, ಅದರಲ್ಲಿ ಎಲ್ಲ ಪ್ರಾಣಿಗಳ ಪ್ರಾಥಮಿಕ ಆರೈಕೆ ಬರುತ್ತದೆ. ಈ ಯಾವ ಕಾಗದವೂ ನಿಮ್ಮನ್ನು ಡಾಕ್ಟರ್ ಮಾಡುವುದಿಲ್ಲ. ಊರಲ್ಲಿ ಕಂಡ ಕಂಡ ಹಂದಿಗೆ ಆ್ಯಂಟಿಬಯೋಟಿಕ್ ಚುಚ್ಚುತ್ತಾ ತಿರುಗಬೇಡಿ.

ರೋಗದ ಪಾಠ ತಪ್ಪಿಸಬೇಡಿ

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡಾಗ ನಮಗೇನು ಅಂತ ಇದ್ದೆವು. 2022ರಲ್ಲಿ ವಯನಾಡಿಗೇ ಬಂತು, ಅಂದರೆ ಕೊಡಗಿನ ಬೇಲಿ ಪಕ್ಕಕ್ಕೆ. ಮನುಷ್ಯರಿಗೆ ಬರುವುದಿಲ್ಲ, ಆದರೆ ಹಂದಿಗೆ ಬಂದರೆ ಇಡೀ ಗೂಡು ಖಾಲಿ. ನಮ್ಮಲ್ಲಿ ಹಾಕಲು ಲಸಿಕೆ ಇಲ್ಲ. ಒಂದು ಕಡೆ ದೃಢಪಟ್ಟರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ. ಹಾಗೆ ಕೊಂದವಕ್ಕೆ ಪರಿಹಾರ ಇದೆ, ರೋಗದಿಂದ ತಾವೇ ಸತ್ತವಕ್ಕೆ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಹಾಗಾಗಿ ಜ್ವರ ಬಂದು, ಕಿವಿ ಹೊಟ್ಟೆ ಕೆಂಪಗೆ ನೀಲಿಯಾಗಿ ಎರಡು ಹಂದಿ ಸತ್ತರೆ ಮುಚ್ಚಿಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ.

ಇನ್ನೊಂದು ಹಂದಿ ಜ್ವರವಿದೆ, ಹಳೆಯದು. ಅದಕ್ಕೆ ಲಸಿಕೆ ಇದೆ, ಮರಿಗೆ ಎರಡು ತಿಂಗಳು ಆಗುವಷ್ಟರಲ್ಲಿ ಹಾಕಿಸಬೇಕು. ಕಾಲುಬಾಯಿ ಜ್ವರದ ಲಸಿಕೆಯೂ ಬೇಕು. ಎರಡೂ ಜ್ವರದ ಹೆಸರು ಒಂದೇ ಥರ ಇರುವುದರಿಂದ, ಲಸಿಕೆ ಹಾಕಿಸಿದ್ದೇನೆ, ಆಫ್ರಿಕನ್ ಜ್ವರ ಬರುವುದಿಲ್ಲ ಅಂದುಕೊಂಡವರಿದ್ದಾರೆ. ಹಾಗಲ್ಲ.

ಹೋಟೆಲ್ ಮುಸುರೆಯ ಬಗ್ಗೆ ಖಡಕ್ಕಾಗಿ ಹೇಳಬೇಕು. ಬೆಂಗಳೂರು, ಮೈಸೂರು ಸುತ್ತ ಹಂದಿ ಸಾಕಣೆ ನಿಂತಿರುವುದೇ ಮುಸುರೆಯ ಮೇಲೆ, ಅದನ್ನು ಬಿಡಿ ಅಂದರೆ ಯಾರೂ ಬಿಡುವುದಿಲ್ಲ, ಮೆಕ್ಕೆಜೋಳದ ರೇಟು ನೋಡಿದರೆ ಬಿಡಿ ಅನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ಹಸಿ ಮುಸುರೆಯಲ್ಲಿ ಒಂದು ತುಂಡು ಸೋಂಕಿನ ಹಂದಿ ಮಾಂಸ ಇದ್ದರೆ ಸಾಕು. ಕೊತಕೊತ ಅರ್ಧ ಗಂಟೆ ಕುದಿಸಿ, ಆರಿಸಿ ಹಾಕಿ. ಕುದಿಸುವ ಪಾತ್ರೆ ಬೇರೆ, ತಂದ ಡ್ರಮ್ ಬೇರೆ ಇರಲಿ.

ತರಬೇತಿಗೆ ಹೋಗುವವರಿಗೇ ಒಂದು ಮಾತು. ಈಗಾಗಲೇ ಮನೆಯಲ್ಲಿ ಹಂದಿ ಇದ್ದರೆ, ಫಾರಂ ಭೇಟಿ ಮುಗಿಸಿ ಬಂದ ಚಪ್ಪಲಿ, ಬಟ್ಟೆಯಲ್ಲೇ ನಿಮ್ಮ ಗೂಡಿಗೆ ನುಗ್ಗಬೇಡಿ. ಸ್ನಾನ ಮಾಡಿ, ಬಟ್ಟೆ ಒಗೆದು, ಒಂದೆರಡು ದಿನ ಮನೆಯವರ ಕೈಲಿ ಮೇವು ಹಾಕಿಸಿ. ನೀವು ಹೋದ ಫಾರಂನವರು ಗೇಟಿನಲ್ಲಿ ಕಾಲು ತೊಳೆಸದೆ, ಬೂಟು ಕೊಡದೆ ಒಳಗೆ ಬಿಟ್ಟರೆ ಆ ಫಾರಂನಿಂದ ಮರಿ ಕೊಳ್ಳಬೇಡಿ.

ಸರ್ಟಿಫಿಕೇಟ್ ಹಿಡಿದು ಸಬ್ಸಿಡಿಗೆ

ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಹಂದಿ ತಳಿ ಫಾರಂಗೆ ಬಂಡವಾಳದ ಶೇ 50 ಸಬ್ಸಿಡಿ. 50 ತಾಯಿ ಹಂದಿಯ ಘಟಕಕ್ಕೆ ಗರಿಷ್ಠ 15 ಲಕ್ಷ, 100ರ ಘಟಕಕ್ಕೆ 30 ಲಕ್ಷ ರೂಪಾಯಿ, ಎರಡು ಕಂತಿನಲ್ಲಿ. ಅರ್ಜಿ ಉದ್ಯಮಿಮಿತ್ರ ಪೋರ್ಟಲ್‌ನಲ್ಲಿ. ಅರ್ಜಿದಾರರಿಗೆ ತರಬೇತಿ ಆಗಿರಬೇಕು, ಇಲ್ಲವೇ ಅನುಭವ ಇರಬೇಕು, ಅದೂ ಇಲ್ಲದಿದ್ದರೆ ಅಂಥವರನ್ನು ಕೆಲಸಕ್ಕೆ ಇಟ್ಟುಕೊಂಡಿರಬೇಕು. ನಿಮ್ಮ ಸರ್ಟಿಫಿಕೇಟ್ ಬರುವುದು ಇಲ್ಲಿ. ಜಮೀನು ಕೊಳ್ಳಲು, ಬಾಡಿಗೆಗೆ, ದಿನದ ಮೇವಿನ ಖರ್ಚಿಗೆ ಇದರಿಂದ ದುಡ್ಡು ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹತ್ತು ದಿನ ಕಲಿತು ನೇರ 50 ತಾಯಿ ಹಂದಿಗೆ ಕೈ ಹಾಕಬೇಡಿ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಎರಡು ಸೂಲು, ಸೂಲಿಗೆ ಎಂಟು ಮರಿ ಉಳಿದರೂ 800 ಮರಿ. ಅಷ್ಟನ್ನು ಎಲ್ಲಿ ಮಾರುತ್ತೀರಿ? ಸಬ್ಸಿಡಿ ಗಾತ್ರ ನೋಡಿ ಫಾರಂ ಗಾತ್ರ ನಿರ್ಧರಿಸುವುದೇ ಬಹಳ ಜನ ಮುಳುಗುವ ಜಾಗ. ನಾಲ್ಕೈದು ತಾಯಿ ಹಂದಿಯಿಂದ ಶುರು ಮಾಡಿ ಒಂದೆರಡು ಸೂಲು ನೋಡಿ. ಪಶುಪಾಲನೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ, ಮೇವಿನ ಖರ್ಚಿಗೆ ಅದನ್ನು ಕೇಳಿ.

ಖಾಸಗಿಯವರ ಎರಡು ದಿನದ ವರ್ಕ್‌ಶಾಪ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಲವು ಚೆನ್ನಾಗಿರುತ್ತವೆ. ಆದರೆ ಫೀಸು ಕಟ್ಟಿಸಿಕೊಂಡು, ಬಣ್ಣದ ಸರ್ಟಿಫಿಕೇಟ್ ಕೊಟ್ಟು, ಕೊನೆಯ ಗಂಟೆಯಲ್ಲಿ ನಮ್ಮ ಹತ್ತಿರವೇ ಮರಿ ತಗೊಳ್ಳಿ, ಬೆಳೆಸಿ ಕೊಡಿ, ನಾವೇ ವಾಪಸ್ ಕೊಳ್ಳುತ್ತೇವೆ ಅಂದರೆ ಎದ್ದು ಬನ್ನಿ. ಉಳಿಯಲೇಬೇಕು ಅನಿಸಿದರೆ ವಾಪಸ್ ಕೊಳ್ಳುವ ಮಾತನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಿ, ಹಿಂದಿನ ಬ್ಯಾಚಿನ ನಾಲ್ಕು ಜನರ ಫಾರಂಗೆ ನೀವೇ ಹುಡುಕಿಕೊಂಡು ಹೋಗಿ ನೋಡಿ, ಅವರು ತೋರಿಸಿದ ಫಾರಂಗಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ, ಇನಿಷಿಯಲ್ ಸಮೇತ, ಅಂತ ಅಲ್ಲೇ ನೋಡಿ. ದಿನಾಂಕ, ಎಷ್ಟು ದಿನದ ತರಬೇತಿ, ಹಂದಿ ಸಾಕಣೆ ಅನ್ನುವ ಪದ, ಸೀಲು, ನಾಲ್ಕೂ ಇರಬೇಕು. ಬರೀ ಪಶುಪಾಲನೆ ತರಬೇತಿ ಅಂತ ಬರೆದುಕೊಟ್ಟಿದ್ದರೆ ಅಲ್ಲೇ ತಿದ್ದಿಸಿಕೊಳ್ಳಿ, ಊರಿಗೆ ಬಂದ ಮೇಲೆ ಅದಕ್ಕಾಗಿ ಮತ್ತೆ ಓಡಾಡುವುದು ದೊಡ್ಡ ತಲೆನೋವು.